ಮುಂದಿನ ಆದೇಶದವರೆಗೆ

1

ನಮ್ಮ ಕೇರಿಯಲ್ಲಿ ಸರ್ಕಾರ ಬದಲಾಯ್ತು ಅಂತ ಗೊತ್ತಾಗುವುದು ಮೂರು ರೀತಿಯಲ್ಲಿ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಹಳೇ ಫ್ಲೆಕ್ಸು ಇಳಿದು ಹೊಸ ಫ್ಲೆಕ್ಸು ಏರುತ್ತದೆ. ಆಫೀಸಿನ ಗೋಡೆಯ ಮೇಲಿನ ಫೋಟೋ ಬದಲಾಗುತ್ತದೆ. ಠಾಣೆಗೆ ಹೋಗಬೇಕಾದರೆ ಯಾರನ್ನು ಮುಂದಿಟ್ಟುಕೊಂಡು ಹೋಗಬೇಕು ಅನ್ನುವುದು ಬದಲಾಗುತ್ತದೆ. ಇಳಿದ ಫ್ಲೆಕ್ಸನ್ನು ನಮ್ಮಪ್ಪ ಕೇಳಿ ತಂದು ದನದ ಕೊಟ್ಟಿಗೆಗೆ ಹೊದಿಸುತ್ತಾನೆ. "ಯಾವ್ ಸರ್ಕಾರ ಬಂದ್ರೇನ್ಲಾ, ಸೋರೋದು ನಿಂತ್ರೆ ಸಾಕು" ಅನ್ನುತ್ತಾನೆ.

ಈ ಮಾತಿಗೆ ನಾನು ಬಹಳ ದಿನ ನಕ್ಕಿದ್ದೇನೆ. ಕವಿಗೋಷ್ಠಿಗಳಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಎಲ್ಲಾ ಸರ್ಕಾರಗಳೂ ಒಂದೇ ಅನ್ನುವುದು ಕೇಳುವುದಕ್ಕೆ ಬಂಡಾಯದ ಮಾತಿನ ಹಾಗಿರುತ್ತದೆ. 2023ರ ಮಾರ್ಚ್ ತಿಂಗಳ ಕೊನೆಯಲ್ಲಿ ಆ ನಗು ನಿಂತುಹೋಯಿತು.

ನನ್ನ ಜೊತೆ ಡಿಗ್ರಿ ಓದಿದ ಗೆಳೆಯನೊಬ್ಬನಿದ್ದಾನೆ. ಅವನ ಅಪ್ಪ ಹಳ್ಳಿ ಹಳ್ಳಿ ತಿರುಗಿ ಹುಣಸೆಮರ ಗುತ್ತಿಗೆ ಹಿಡಿದು, ಹಣ್ಣು ಬಡಿಸಿ, ಮಂಡಿಗೆ ಹಾಕುವ ಸಾಬರು. ಮರ ಊರಿನವರದು, ಸಾಲ ತಂದ ದುಡ್ಡು ಸಾಬರದು, ಮರ ಹತ್ತುವ ಮೈ ನಮ್ಮ ಕೇರಿಯವರದು. ಆ ವರ್ಷ ಗೆಳೆಯನ ತಂಗಿ ಸಿಇಟಿಗೆ ಅರ್ಜಿ ತುಂಬುತ್ತಿದ್ದಳು. ಸೈಬರ್ ಸೆಂಟರಿನಲ್ಲಿ ನಾನೂ ಪಕ್ಕದಲ್ಲಿ ಕೂತಿದ್ದೆ. ಪ್ರವರ್ಗ ಯಾವುದು ಅನ್ನುವ ಕಲಂ ಬಂದಾಗ ಹುಡುಗಿ ಕೈ ನಿಲ್ಲಿಸಿದಳು.

"ಅಣ್ಣಾ, 2ಬಿ ಅಂತ ಹಾಕ್ಲಾ, ಜನರಲ್ ಅಂತ ಹಾಕ್ಲಾ?"

ಮಾರ್ಚ್ 24ರಂದು ಬೊಮ್ಮಾಯಿಯವರ ಸಚಿವ ಸಂಪುಟ ಮುಸ್ಲಿಮರ ಶೇ. 4ರ 2ಬಿ ಮೀಸಲಾತಿಯನ್ನು ತೆಗೆದುಹಾಕುವ ತೀರ್ಮಾನ ಮಾಡಿತ್ತು. ಆ ನಾಲ್ಕನ್ನು ಎರಡು ಭಾಗ ಮಾಡಿ ಎರಡನ್ನು ಒಕ್ಕಲಿಗರಿಗೆ, ಎರಡನ್ನು ಲಿಂಗಾಯತರಿಗೆ ಹಂಚಿತ್ತು. ಮುಸ್ಲಿಮರು ಆರ್ಥಿಕವಾಗಿ ದುರ್ಬಲರಾದವರ ಶೇ. 10ರ ಕೋಟಾದಲ್ಲಿ ಎಲ್ಲರ ಜೊತೆ ಸ್ಪರ್ಧಿಸಲಿ ಎಂದಿತ್ತು. ಹುಡುಗಿಯ ಚೀಲದಲ್ಲಿ ನಾಡಕಚೇರಿಯ ಸೀಲು ಬಿದ್ದ ಜಾತಿ ಪ್ರಮಾಣ ಪತ್ರವಿತ್ತು. ಪತ್ರ ಹಾಗೇ ಇತ್ತು. ಅದರ ಅರ್ಥ ಮಾತ್ರ ರಾತ್ರೋರಾತ್ರಿ ಹೋಗಿತ್ತು.

ಎಲ್ಲಾ ಸರ್ಕಾರಗಳೂ ಒಂದೇ ಅಂತ ಆ ಹುಡುಗಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಈ ಬರಹ ಹುಟ್ಟಿದ್ದು ಅಲ್ಲಿಂದ.

2

ನಾವು ಪದ್ಯವನ್ನು ಸಾಲು ಸಾಲಾಗಿ ಬಿಡಿಸಿ ಓದುತ್ತೇವೆ. ಕತೆಯಲ್ಲಿ ಯಾರ ದನಿ ಇದೆ, ಯಾರ ದನಿ ಇಲ್ಲ ಅಂತ ಗಂಟೆಗಟ್ಟಲೆ ಜಗಳ ಆಡುತ್ತೇವೆ. ಆದರೆ ನಮ್ಮ ಹಣೆಬರಹ ಬರೆಯುವ ಸರ್ಕಾರಿ ಆದೇಶವನ್ನು ನಾವು ಓದುವುದೇ ಇಲ್ಲ. ಅದು ಗುಮಾಸ್ತರ ಭಾಷೆ, ನಮಗೇಕೆ ಅನ್ನುತ್ತೇವೆ. ಗೆಳೆಯರೆ, ಆ ಸೋಮಾರಿತನ ನಮಗೆ ಬಹಳ ದುಬಾರಿಯಾಗಿದೆ. ವಿಮರ್ಶೆ ಅಂದರೆ ಕವನ ಸಂಕಲನಗಳಿಗೆ ಬೆನ್ನು ತಟ್ಟುವುದಷ್ಟೇ ಆದರೆ ಅಂಥ ವಿಮರ್ಶೆ ನಮಗೆ ಬೇಡ. 2ಬಿ ಅನ್ನುವ ಒಂದು ಅಂಕಿ, ಒಂದು ಅಕ್ಷರದ ಕತೆಯನ್ನು ಮೊದಲಿನಿಂದ ಓದೋಣ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಮೈಸೂರು ಸಂಸ್ಥಾನದ ನೌಕರಿಗಳೆಲ್ಲ ಒಂದೇ ಜಾತಿಯ ಕೈಯಲ್ಲಿವೆ ಎಂಬ ಕೂಗಿಗೆ ಉತ್ತರವಾಗಿ ಬಂದ ಸಮಿತಿ ಅದು. ಬ್ರಾಹ್ಮಣರನ್ನು ಬಿಟ್ಟು ಮಿಕ್ಕ ಸಮುದಾಯಗಳನ್ನು ಹಿಂದುಳಿದವು ಎಂದು ಅದು ಎಣಿಸಿತು. ಆ ಲೆಕ್ಕದಲ್ಲಿ ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಎಲ್ಲರೂ ಒಂದೇ ಸಾಲಿನಲ್ಲಿ ಕೂತಿದ್ದರು. ಇದನ್ನು ನೆನಪಿಡಿ. ನೂರು ವರ್ಷದ ಹಿಂದೆ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವರು ಇವರು.

ಏಕೀಕರಣವಾದ ಮೇಲೆ ನಾಗನಗೌಡ ಸಮಿತಿ ಬಂತು. ಅದರ ಆಧಾರದ ಮೇಲೆ ಹೊರಟ ಆದೇಶವನ್ನು ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು. 1972ರಲ್ಲಿ ದೇವರಾಜ ಅರಸರು ಎಲ್.ಜಿ. ಹಾವನೂರರ ಆಯೋಗವನ್ನು ನೇಮಿಸಿದರು. 1975ರಲ್ಲಿ ವರದಿ ಬಂತು. ನಾವೆಲ್ಲ ಕೊಂಡಾಡುವ ಆ ವರದಿ ಮುಸ್ಲಿಮರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿರಲಿಲ್ಲ. 1977ರ ಆದೇಶದಲ್ಲಿ ಅರಸು ಸರ್ಕಾರವೇ ಸೇರಿಸಿತು. ಆಮೇಲೆ ಜನತಾ ಸರ್ಕಾರ, ವೆಂಕಟಸ್ವಾಮಿ ಆಯೋಗ. 1986ರ ಅದರ ವರದಿ ಬಲಿಷ್ಠ ಜಾತಿಗಳ ಬುಡಕ್ಕೆ ಕೈಹಾಕಿತು, ಬೀದಿ ಕಾವೇರಿತು, ಹೆಗಡೆ ಸರ್ಕಾರ ವರದಿಯನ್ನು ಬದಿಗಿಟ್ಟಿತು. ಮತ್ತೆ ಚಿನ್ನಪ್ಪ ರೆಡ್ಡಿ ಆಯೋಗ. 1990ರಲ್ಲಿ ಅದೂ ಮುಸ್ಲಿಮರು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದಿದ್ದಾರೆ ಎಂದೇ ಹೇಳಿತು. 1994ರಲ್ಲಿ ವೀರಪ್ಪ ಮೊಯಿಲಿಯವರ ಸರ್ಕಾರ ಮುಸ್ಲಿಮರಿಗೆ ಪ್ರತ್ಯೇಕ ಪಾಲು ಗೊತ್ತುಮಾಡಿ ಆದೇಶ ಹೊರಡಿಸಿತು. ಒಟ್ಟು ಮೀಸಲಾತಿ ಶೇ. 50 ದಾಟಬಾರದೆಂದು ಸುಪ್ರೀಂ ಕೋರ್ಟು ಹೇಳಿತು. ಅಷ್ಟರಲ್ಲಿ ಚುನಾವಣೆ ಬಂತು, ಸರ್ಕಾರ ಬಿತ್ತು.

1994ರ ಡಿಸೆಂಬರ್ 11ರಂದು ಮುಖ್ಯಮಂತ್ರಿಯಾದವರು ನಮ್ಮ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು. 1962ರಲ್ಲಿ ಪಕ್ಷೇತರರಾಗಿ ಹೊಳೆನರಸೀಪುರದಿಂದ ಗೆದ್ದು ಹೊರಟವರು. 1995ರ ಫೆಬ್ರವರಿಯಲ್ಲಿ ಅವರ ಸರ್ಕಾರ ಲೆಕ್ಕವನ್ನು 50ರೊಳಗೆ ಹೊಂದಿಸಿ ಹೊಸ ಆದೇಶ ಹೊರಡಿಸಿತು. ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ವರ್ಗಕ್ಕೆ 3. ಕೂಡಿ ನೋಡಿ, ಸರಿಯಾಗಿ ಐವತ್ತು. ಆ ಹುಡುಗಿಯ ಚೀಲದ ಪತ್ರದ ಬೇರು ಇಲ್ಲಿದೆ.

ಇಪ್ಪತ್ತೆಂಟು ವರ್ಷ ನಡೆದ ಈ ಆದೇಶವನ್ನು 2023ರ ಮಾರ್ಚಿನಲ್ಲಿ, ಚುನಾವಣೆ ಹೊಸ್ತಿಲಲ್ಲಿ ನಿಂತಿದ್ದಾಗ, ಬಿಜೆಪಿ ಸರ್ಕಾರ ಕಿತ್ತುಹಾಕಿತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ತೀರ್ಮಾನ ನಿಂತಿರುವುದು ಮಧ್ಯಂತರ ವರದಿಯ ಮೇಲೆ, ಮೇಲುನೋಟಕ್ಕೇ ಅದರ ಬುನಾದಿ ಅಲುಗಾಡುತ್ತಿದೆ ಎಂಬರ್ಥದ ಮಾತಾಡಿತು. ಸದ್ಯಕ್ಕೆ ಜಾರಿ ಮಾಡುವುದಿಲ್ಲ ಅಂತ ಸರ್ಕಾರ ಒಪ್ಪಿಕೊಂಡಿತು. ಮೇ ತಿಂಗಳಲ್ಲಿ ಸರ್ಕಾರ ಬಿತ್ತು, ಕಾಂಗ್ರೆಸ್ ಬಂತು. ಸೆಪ್ಟೆಂಬರಿನಲ್ಲಿ ಇನ್ನೊಂದು ಬದಲಾವಣೆ: 1995ರ ಆದೇಶ ಹೊರಡಿಸಿದ ನಾಯಕರ ಪಕ್ಷ, ಆ ಆದೇಶವನ್ನು ಕಿತ್ತ ಪಕ್ಷದ ಜೊತೆ ಮೈತ್ರಿ ಮಾಡಿಕೊಂಡಿತು. ಹೊಳೆನರಸೀಪುರದ ಸಾಬರ ಬೀದಿಗಳಲ್ಲಿ ಮೂವತ್ತು ವರ್ಷ "ನಮ್ಗೆ ಗೌಡ್ರೇ ಮೀಸಲಾತಿ ಕೊಟ್ಟಿದ್ದು" ಅಂತ ಓಟು ಹಾಕಿದ ಹಿರಿಯರಿದ್ದಾರೆ. ಅವರು ಆ ದಿನ ಪೇಪರು ಹಿಡಿದು ಏನು ಯೋಚಿಸಿದರೋ, ಯಾರೂ ಹೋಗಿ ಕೇಳಲಿಲ್ಲ.

ಮೇಷ್ಟ್ರುಗಳೇ, ಈಗ ಈ ಕತೆಯನ್ನು ಮಕ್ಕಳಿಗೆ ವ್ಯಾಕರಣ ಹೇಳುವ ಹಾಗೆ ಬಿಡಿಸಿ ನೋಡಿ. ಕರ್ತೃ ಯಾರು, ಕರ್ಮ ಯಾರು? ಸರ್ಕಾರ ಸೇರಿಸಿತು, ಸರ್ಕಾರ ತೆಗೆಯಿತು, ಸರ್ಕಾರ ಹಂಚಿತು. ಮುಸ್ಲಿಮರನ್ನು, ಮುಸ್ಲಿಮರನ್ನು, ಮುಸ್ಲಿಮರನ್ನು. ನೂರು ವರ್ಷದ ಕತೆಯಲ್ಲಿ ಒಂದು ಸಮುದಾಯ ದ್ವಿತೀಯಾ ವಿಭಕ್ತಿಯಿಂದ ಒಂದು ಸಲವೂ ಆಚೆ ಬಂದಿಲ್ಲ. ಕೊಟ್ಟಾಗಲೂ ಅದು ಕರ್ಮವೇ, ಕಿತ್ತಾಗಲೂ ಕರ್ಮವೇ. ಆಯೋಗಗಳು ಲೆಕ್ಕ ಹಾಕಿ ಹೇಳಿದ ನ್ಯಾಯದ ಪಾಲು ಬಾಯಿಂದ ಬಾಯಿಗೆ ದಾಟುವಷ್ಟರಲ್ಲಿ "ಗೌಡ್ರು ಕೊಟ್ಟಿದ್ದು", "ಕಾಂಗ್ರೆಸ್ಸು ಕೊಟ್ಟಿದ್ದು" ಅಂತ ಆಗಿಬಿಟ್ಟಿತು. ಕೊಟ್ಟದ್ದು ಅಂತ ಒಪ್ಪಿಕೊಂಡ ಮೇಲೆ, ಕಿತ್ತುಕೊಳ್ಳುವವನ ಕೈ ಹಿಡಿಯುವುದಕ್ಕೆ ಮಾತೇ ಉಳಿಯುವುದಿಲ್ಲ.

ಸರ್ಕಾರಿ ಆದೇಶಗಳಲ್ಲಿ ಪದೇ ಪದೇ ಬರುವ ಒಂದು ನುಡಿಗಟ್ಟಿದೆ: ಮುಂದಿನ ಆದೇಶದವರೆಗೆ. ವರ್ಗವಾದ ಗುಮಾಸ್ತನಿಗೆ ಅದು ಒಂದು ಸಾಲು. ಅಲ್ಪಸಂಖ್ಯಾತರಿಗೆ ಅದು ಇಡೀ ಬದುಕು. ಮನೆಯ ಹಿರಿಮಗಳಿಗೆ ಸಿಕ್ಕ ಸೀಟು ಕಿರಿಮಗನಿಗೆ ಸಿಗುತ್ತದೋ ಇಲ್ಲವೋ ಅನ್ನುವುದು ಬೆಂಗಳೂರಿನಲ್ಲಿ ಯಾರು ಪ್ರಮಾಣವಚನ ತೆಗೆದುಕೊಂಡರು ಅನ್ನುವುದರ ಮೇಲೆ ನಿಂತರೆ, ಆ ಮನೆಯ ರಾಜಕೀಯವೆಲ್ಲ ಕಾವಲು ಕಾಯುವುದಾಗುತ್ತದೆ. ಇದ್ದದ್ದು ಹೋಗದಿರಲಿ ಅಂತ ಓಟು ಹಾಕಬೇಕು. ನಮ್ಮ ಬೀದಿಗೆ ಚರಂಡಿ ಎಲ್ಲಿ, ನಮ್ಮ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಎಲ್ಲಿ ಅಂತ ಕೇಳುವ ಪಾಳಿ ಬರುವುದೇ ಇಲ್ಲ. ಹೆದರಿಸುವ ಪಕ್ಷ ಒಂದಿದ್ದರೆ, ಕಾಪಾಡುತ್ತೇನೆ ಅನ್ನುವ ಪಕ್ಷ ಏನೂ ಮಾಡದೆಯೂ ಓಟು ತಗೊಳ್ಳಬಹುದು. ಸರ್ಕಾರ ಬದಲಾಗುವುದು ಒಂದು ಸಮುದಾಯದ ರಾಜಕೀಯ ಬದುಕನ್ನು ಹೀಗೆ ಕುಗ್ಗಿಸುತ್ತದೆ.

3

ಇದೆಲ್ಲ ಸಾಬರ ಕತೆ, ನಮ್ಮದು ಸಂವಿಧಾನದಲ್ಲೇ ಬರೆದಿದೆ, ನಮಗೇನು ಭಯ ಅಂತ ನಮ್ಮ ಕೇರಿಯ ಹುಡುಗರು ಹೇಳುತ್ತಾರೆ. ಹೌದು, ಬಾಬಾಸಾಹೇಬರ ದಯದಿಂದ ನಮ್ಮ ಪಾಲನ್ನು ಒಂದು ಸಂಪುಟ ಸಭೆ ಕೂತು ಕಿತ್ತುಹಾಕಲಾರದು. ಆದರೆ ಪಾಲು ಇರುವುದೇ ಬೇರೆ, ಪಾಲು ಕೈಗೆ ಸಿಗುವುದೇ ಬೇರೆ.

ಒಳಮೀಸಲಾತಿಯ ಕತೆ ನೋಡಿ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ 101 ಜಾತಿಗಳಿವೆ. ಒಂದೇ ತಟ್ಟೆಯಲ್ಲಿ ಇಟ್ಟ ಅನ್ನ ಎಲ್ಲರ ಬಾಯಿಗೂ ಹೋಗಿಲ್ಲ ಅಂತ ಮಾದಿಗ ಸಮುದಾಯ ದಶಕಗಟ್ಟಲೆ ಬೀದಿಯಲ್ಲಿ ನಿಂತು ಕೇಳಿತು. 2005ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ ನೇಮಕವಾಯಿತು. 2012ರಲ್ಲಿ ವರದಿ ಕೊಟ್ಟಿತು. ಬರೆಯುವುದಕ್ಕೆ ಏಳು ವರ್ಷ. ಆಮೇಲೆ ಬೀರುವಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು. ಕಾಂಗ್ರೆಸ್ಸು ಬಂತು, ಜನತಾದಳ ಬಂತು, ಬಿಜೆಪಿ ಬಂತು, ಸಮ್ಮಿಶ್ರ ಬಂತು. ಬೀರುವಿನ ಬೀಗದ ಕೈ ಒಬ್ಬರಿಂದ ಒಬ್ಬರಿಗೆ ದಾಟಿತು, ಬಾಗಿಲು ಮಾತ್ರ ತೆಗೆಯಲಿಲ್ಲ. 2023ರ ಮಾರ್ಚಿನಲ್ಲಿ, ಮುಸ್ಲಿಮರ ನಾಲ್ಕನ್ನು ಕಿತ್ತ ಅದೇ ದಿನಗಳಲ್ಲಿ, ಅದೇ ಸರ್ಕಾರ ಒಳಮೀಸಲಾತಿಗೆ ಕೇಂದ್ರಕ್ಕೆ ಶಿಫಾರಸು ಕಳಿಸಿತು. ಒಂದು ಕೈಯಲ್ಲಿ ಕಿತ್ತದ್ದನ್ನು ಇನ್ನೊಂದು ಕೈಯಲ್ಲಿ ತೋರಿಸಿದ ಆಶೆ ಮುಚ್ಚಿತು. ನಮ್ಮವರಲ್ಲಿ ಎಷ್ಟೋ ಮಂದಿ ಆ ದಿನ ಪಟಾಕಿ ಹೊಡೆದರು. ಪಕ್ಕದ ಬೀದಿಯಲ್ಲಿ ಏನಾಯಿತು ಅಂತ ತಿರುಗಿ ನೋಡಲಿಲ್ಲ. ಈ ಮಾತನ್ನು ನಾನು ಬೇರೆಯವರ ಮೇಲೆ ಹಾಕುತ್ತಿಲ್ಲ. ನನ್ನ ಮೊಬೈಲಿನ ಸ್ಟೇಟಸ್ಸಿನಲ್ಲೂ ಆ ದಿನ ಸಂಭ್ರಮವೇ ಇತ್ತು.

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ರಾಜ್ಯಗಳ ಅಧಿಕಾರದಲ್ಲಿದೆ ಎಂದಿತು. ನಾಗಮೋಹನ ದಾಸ್ ಆಯೋಗ ಮನೆ ಮನೆ ಸಮೀಕ್ಷೆ ಮಾಡಿ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಐದು ಗುಂಪು ಮಾಡಿ, ಅತಿ ಸಣ್ಣ ಅಲೆಮಾರಿ ಸಮುದಾಯಗಳಿಗೆ ಶೇ. 1ನ್ನು ಪ್ರತ್ಯೇಕವಾಗಿ ಇಡಬೇಕೆಂದು ಅದು ಹೇಳಿತ್ತು. ಆ ತಿಂಗಳ 19ರಂದು ಕಾಂಗ್ರೆಸ್ ಸರ್ಕಾರದ ಸಂಪುಟ ಐದನ್ನು ಮೂರು ಮಾಡಿತು. ಎಡಗೈಗೆ 6, ಬಲಗೈಗೆ 6, ಮಿಕ್ಕವರಿಗೆ 5. ಅಲೆಮಾರಿಗಳ ಆ ಒಂದು ಎಲ್ಲಿ? ಐದರ ಗುಂಪಿನಲ್ಲಿ, ತಮಗಿಂತ ದೊಡ್ಡ ಸಮುದಾಯಗಳ ಜೊತೆ ಕರಗಿಹೋಯಿತು. 2005ರಿಂದ ಅಲ್ಲಿಯತನಕ ಏಳು ಮಂದಿ ಮುಖ್ಯಮಂತ್ರಿಗಳನ್ನು ಈ ನಾಡು ಕಂಡಿತ್ತು.

ಇದನ್ನು ಸುಮ್ಮನೆ ದಾಟಿ ಹೋಗಬೇಡಿ. ಮುಸ್ಲಿಮರ ನಾಲ್ಕನ್ನು ಕಿತ್ತು ದೊಡ್ಡ ಜಾತಿಗಳಿಗೆ ಹಂಚಿದವರೂ, ಅಲೆಮಾರಿಗಳ ಒಂದನ್ನು ಕರಗಿಸಿ ದೊಡ್ಡ ಗುಂಪುಗಳನ್ನು ಸಮಾಧಾನ ಮಾಡಿದವರೂ ಬೇರೆ ಬೇರೆ ಪಕ್ಷದವರು. ದ್ವೇಷ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಆ ವ್ಯತ್ಯಾಸವನ್ನು ಅಳಿಸಬಾರದು. ಆದರೆ ಲೆಕ್ಕ ಒಂದೇ. ಯಾರ ತಲೆ ಕಡಿಮೆಯೋ ಅವರ ತಟ್ಟೆಯಿಂದ ಎತ್ತು, ಅವರು ಸರ್ಕಾರ ಬೀಳಿಸಲಾರರು. ಊರಿನಲ್ಲಿ ನಮಗೆ ಮಾಡಿದ್ದನ್ನೇ ಕೇರಿಯೊಳಗೆ ನಮಗಿಂತ ಸಣ್ಣವರಿಗೆ ಮಾಡಿದಾಗ ನಾವು ಸುಮ್ಮನಿದ್ದರೆ, ಬಂಡಾಯ ಅನ್ನುವ ಹೆಸರನ್ನು ಕವರ್‌ಪೇಜಿನಿಂದ ತೆಗೆದುಬಿಡುವುದು ಒಳ್ಳೆಯದು.

4

ಬಾಬಾಸಾಹೇಬರು 1945ರಲ್ಲಿ ಮುಂಬೈಯಲ್ಲಿ ಮಾಡಿದ ಭಾಷಣದಲ್ಲೂ, 1947ರಲ್ಲಿ ರಾಜ್ಯಗಳು ಮತ್ತು ಅಲ್ಪಸಂಖ್ಯಾತರ ಬಗ್ಗೆ ಬರೆದ ಮನವಿಯಲ್ಲೂ ನಮ್ಮ ಇವತ್ತಿನ ಗೊಂದಲಕ್ಕೆ ಬೇಕಾದ ಬೆಳಕಿದೆ. ಅಸ್ಪೃಶ್ಯರೂ ಒಂದು ಅಲ್ಪಸಂಖ್ಯಾತ ಸಮುದಾಯವೇ, ಮಿಕ್ಕ ಅಲ್ಪಸಂಖ್ಯಾತರಿಗಿಂತ ಹೆಚ್ಚು ರಕ್ಷಣೆ ಬೇಕಾದವರು ಎಂದು ಅವರು ವಾದಿಸಿದರು. ಬಹುಮತದಲ್ಲಿ ಎರಡು ಬಗೆ ಇವೆ ಅನ್ನುವುದು ಅವರ ಇನ್ನೊಂದು ಮುಖ್ಯ ವಿಚಾರ. ರಾಜಕೀಯ ಬಹುಮತ ಕಟ್ಟುವಂಥದ್ದು, ಮುರಿಯುವಂಥದ್ದು. ಇವತ್ತು ಇಲ್ಲಿದ್ದವನು ನಾಳೆ ಅಲ್ಲಿಗೆ ಹೋಗಬಹುದು. ಕೋಮು ಬಹುಮತ ಹುಟ್ಟಿನಿಂದ ಬರುವಂಥದ್ದು. ಅದರೊಳಕ್ಕೆ ಯಾರೂ ಹೋಗುವಂತಿಲ್ಲ, ಅದರಿಂದ ಯಾರೂ ಬರುವಂತಿಲ್ಲ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ವಿಧಾನಸೌಧದಲ್ಲಿ ಬದಲಾಗುವುದು ಮೊದಲನೇ ಬಹುಮತ. ಊರ ಜಗಲಿಯ ಮೇಲೆ ಕೂತಿರುವುದು ಎರಡನೆಯದು.

ನಮ್ಮ ತಾಲ್ಲೂಕಿನದೇ ನಿದರ್ಶನವಿದೆ. 2015ರಲ್ಲಿ ಸಿಗರನಹಳ್ಳಿಯಲ್ಲಿ ಸ್ವಸಹಾಯ ಸಂಘದ ನಾಲ್ವರು ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಗೆ ಹೋದರು. ಅದೇ ತಪ್ಪಾಗಿ ಅವರಿಗೆ ದಂಡ ಹಾಕಲಾಯಿತು. ಮುಂದೆ ತಿಂಗಳುಗಟ್ಟಲೆ ಊರು ಎರಡಾಗಿ ಸುದ್ದಿಯಲ್ಲಿತ್ತು. ಆಗ ರಾಜ್ಯದಲ್ಲಿ ಯಾವ ಸರ್ಕಾರವಿತ್ತು? ಅಹಿಂದದ ಹೆಸರಿನಲ್ಲಿ ಬೆಳೆದ ಸಿದ್ದರಾಮಯ್ಯನವರ ಸರ್ಕಾರ. ಎರಡು ವರ್ಷದ ಹಿಂದೆ, 2013ರಲ್ಲಿ, ಪರಿಶಿಷ್ಟರ ಉಪಯೋಜನೆಗೆ ಕಾನೂನಿನ ಬಲ ಕೊಟ್ಟ ಸರ್ಕಾರವೂ ಅದೇ. ಬೆಂಗಳೂರಿನಲ್ಲಿ ನಮ್ಮ ಪರ ಕಾನೂನು ಆಗುತ್ತಿದ್ದಾಗ ಇಲ್ಲಿ ಒಂದು ಹೊಸ್ತಿಲು ದಾಟಿದ್ದಕ್ಕೆ ದಂಡ. ಬಸವಣ್ಣನ ಹೆಸರಿನ ಗುಡಿಯ ಹೊಸ್ತಿಲು ಅನ್ನುವುದನ್ನೂ ಸೇರಿಸಿಕೊಳ್ಳಿ.

ಓಟಿನ ಲೆಕ್ಕವೂ ಹಾಗೇ. 2008ರ ಕ್ಷೇತ್ರ ವಿಂಗಡಣೆಯ ಮೇಲೆ ಹಾಸನ ಜಿಲ್ಲೆಯಲ್ಲಿ ಪರಿಶಿಷ್ಟರಿಗೆ ಮೀಸಲಾದದ್ದು ಸಕಲೇಶಪುರ. ಹೊಳೆನರಸೀಪುರದಲ್ಲಿ ನಾವು ಓಟು ಹಾಕುವವರು ಮಾತ್ರ. 1989ರಲ್ಲಿ ದೇವೇಗೌಡರೇ ಇಲ್ಲಿ ಸೋತರು. ಅಂದರೆ ಇಲ್ಲೂ ಗೆಲ್ಲುವವರು ಬದಲಾಗಿದ್ದಾರೆ. ಆದರೆ ಗೆದ್ದವರೂ ಸೋತವರೂ ಒಂದೇ ಜಗಲಿಯವರು. ಚುನಾವಣೆ ಬಂದಾಗ ಎರಡು ಬಣದವರೂ ಕೇರಿಗೆ ಬರುತ್ತಾರೆ, ನಮ್ಮ ಮನೆ ಮುಂದಿನ ಕಲ್ಲಿನ ಮೇಲೆ ಕೂರುತ್ತಾರೆ. ನಾವು ಅವರ ಜಗಲಿ ಮೇಲೆ ಕೂರುವ ದಿನ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಇಲ್ಲ.

5

ಹಾಗಾದರೆ ಅಪ್ಪ ಹೇಳಿದ್ದೇ ಸರಿಯಾ? ಯಾವ ಸರ್ಕಾರ ಬಂದರೂ ಒಂದೇನಾ? ಅಲ್ಲ. ಇಲ್ಲೇ ನಾನು ಅಪ್ಪನ ಜೊತೆ ಜಗಳ ಆಡುವುದು.

ನಮ್ಮ ತಾತನಿಗೆ ಅರಸರ ಕಾಲದಲ್ಲಿ ದರಖಾಸ್ತಿನಲ್ಲಿ ಎರಡು ಎಕರೆ ಸಿಕ್ಕಿತು. ಅದಕ್ಕಿಂತ ಮುಂಚೆ ತಾತ ಜೀತದಾಳು. ಒಂದು ಸಾಲಕ್ಕೆ ಆ ಎರಡು ಎಕರೆ ಕೈಬಿಟ್ಟು ಹೋಯಿತು. ಮಂಜೂರಾದ ಜಮೀನು ಪರಭಾರೆ ಆಗಬಾರದು ಅನ್ನುವ 1978ರ ಪಿಟಿಸಿಎಲ್ ಕಾನೂನು ಇದ್ದದ್ದರಿಂದ ಎಷ್ಟೋ ವರ್ಷ ಅಲೆದ ಮೇಲೆ ವಾಪಸು ಬಂತು. ನನ್ನ ಡಿಗ್ರಿಯ ಫೀಸು ಆ ಹೊಲದ ಜೋಳದಿಂದ ಬಂದದ್ದು. 2017ರಲ್ಲಿ ಸುಪ್ರೀಂ ಕೋರ್ಟು ಸಮಂಜಸವಾದ ಅವಧಿಯೊಳಗೆ ಅರ್ಜಿ ಹಾಕಿರಬೇಕು ಎಂದಾಗ ನಮ್ಮಂಥ ಎಷ್ಟೋ ಮನೆಗಳ ಅರ್ಜಿ ಬಿದ್ದುಹೋದವು. 2023ರಲ್ಲಿ ಆ ಕಾಲಮಿತಿ ಇಲ್ಲವೆಂದು ಕಾನೂನು ತಿದ್ದುಪಡಿಯಾಯಿತು. ಸರ್ಕಾರ ಯಾವುದು ಅನ್ನುವುದಕ್ಕೆ ಬೆಲೆ ಇದೆ. ಆದರೆ ಅದೇ 2023ರ ಸರ್ಕಾರ ಪರಿಶಿಷ್ಟರ ಉಪಯೋಜನೆಯ ಸಾವಿರಾರು ಕೋಟಿಯನ್ನು ಗ್ಯಾರಂಟಿ ಯೋಜನೆಗಳಿಗೆ ತಿರುಗಿಸಿತು. ಸ್ನೇಹಿತ ಅನ್ನಿಸಿಕೊಂಡ ಸರ್ಕಾರದ ಕೈಯನ್ನೂ ನೋಡುತ್ತಲೇ ಇರಬೇಕು.

ಇನ್ನೊಂದು ನೆನಪು. 1983ರ ಜನತಾ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳನ್ನು ಕಟ್ಟಿ, ಹೆಂಗಸರಿಗೆ, ಪರಿಶಿಷ್ಟರಿಗೆ ಅಲ್ಲಿ ಜಾಗ ಮಾಡಿಸಿದ ಕಾನೂನಿನ ಹಿಂದೆ ಇದ್ದವರು ಅವರು. 1987ರಲ್ಲಿ ಚುನಾವಣೆ ನಡೆದು ಮಂಡಲಗಳು ಬಂದವು. ಮುಸ್ಲಿಮ್ ಮಂತ್ರಿಯೊಬ್ಬ ಮುಸ್ಲಿಮರ ಮಂತ್ರಿಯಾಗದೆ ಇಡೀ ನಾಡಿನ ಹಳ್ಳಿಗರ ಮಂತ್ರಿಯಾದ. ಅಲ್ಪಸಂಖ್ಯಾತನೊಬ್ಬ ಕರ್ಮವಾಗಿರುವುದನ್ನು ಬಿಟ್ಟು ಕರ್ತೃವಾದರೆ ಏನಾಗಬಹುದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಸರ್ಕಾರ ಬದಲಾಯಿತು, 1992ರಲ್ಲಿ ಮಂಡಲಗಳ ಅವಧಿ ಮುಗಿದಾಗ ಮತ್ತೆ ಚುನಾವಣೆ ನಡೆಸದೆ ಅಧಿಕಾರಿಗಳ ಕೈಗೆ ಕೊಟ್ಟರು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, 1993ರ ಪಂಚಾಯತ್ ರಾಜ್ ಕಾನೂನು ಬಂದ ಮೇಲೆ ಹಳ್ಳಿಗೆ ಮತ್ತೆ ಪಂಚಾಯ್ತಿ ಬಂತು.

ನಮ್ಮ ದೊಡ್ಡವ್ವ ಮೀಸಲು ಸ್ಥಾನದಲ್ಲಿ ಒಂದು ಗ್ರಾಮ ಪಂಚಾಯ್ತಿಗೆ ಆರಿಸಿ ಬಂದಳು. ಯಾವ ಪಂಚಾಯ್ತಿ ಅಂತ ಹೇಳುವುದಿಲ್ಲ. ಮೊದಲನೇ ಸಭೆಗೆ ಹೋದಾಗ ಕುರ್ಚಿಗಳೆಲ್ಲ ತುಂಬಿದ್ದವು. "ಅಲ್ಲೇ ಕೂತ್ಕೋ ಬಾರವ್ವ" ಅಂತ ಬಾಗಿಲ ಪಕ್ಕದ ನೆಲ ತೋರಿಸಿದರು. ಮೂರು ಸಭೆ ಕೂತಳು. ನಾಲ್ಕನೇ ಸಭೆಗೆ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಲೆ ಮೇಲೆ ಹೊತ್ತುಕೊಂಡು ಹೋಗಿ ಹಾಕಿಕೊಂಡು ಕೂತಳು. ಐದನೇ ಸಭೆಗೆ ಪಂಚಾಯ್ತಿಯವರೇ ಕುರ್ಚಿ ಇಟ್ಟಿದ್ದರು. ಕಾನೂನು ಅವಳಿಗೆ ಸ್ಥಾನ ಕೊಟ್ಟಿತು, ಕುರ್ಚಿಯನ್ನು ಅವಳೇ ಹೊತ್ತಳು. ಕಾನೂನು ಇಲ್ಲದೆ ಅವಳು ಆ ಬಾಗಿಲವರೆಗೂ ಹೋಗುತ್ತಿರಲಿಲ್ಲ. ಅವಳು ಹೊರದೆ ಇದ್ದರೆ ಕಾನೂನು ನೆಲದ ಮೇಲೇ ಕೂತಿರುತ್ತಿತ್ತು.

ಅಂಥ ಕುರ್ಚಿಗಳಿಗೇ ಸರ್ಕಾರಗಳು ಹೆದರುವುದು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಬಿಜೆಪಿ ಸರ್ಕಾರವಿದ್ದಾಗಲೂ ಚುನಾವಣೆ ಇಲ್ಲ. ಕಾಂಗ್ರೆಸ್ ಬಂದ ಮೇಲೂ ವರ್ಷಗಟ್ಟಲೆ ಇಲ್ಲ. ಒಂದಕ್ಕೊಂದು ಕಚ್ಚಾಡುವ ಪಕ್ಷಗಳು ಈ ಒಂದು ವಿಷಯದಲ್ಲಿ ಎಷ್ಟು ಅನ್ಯೋನ್ಯವಾಗಿವೆ ನೋಡಿ.

6

ಕೊನೆಗೆ ನಮ್ಮ ವಿಷಯ. ನಾವು ಅಂದರೆ ಪದ್ಯ ಬರೆಯುವವರು, ಸಂಘಟನೆ ಅನ್ನುವವರು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಅವರು ಅರಸರ ಸಂಪುಟದ ಮಂತ್ರಿ. ನಾವು ಹಿಂದುಳಿದವರ ಸುವರ್ಣಕಾಲ ಅಂತ ಕರೆಯುವ ಆ ಸರ್ಕಾರಕ್ಕೂ ಒಂದು ಮಾತಾಡಿದ ದಲಿತ ಮಂತ್ರಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಅವರು ರಾಜೀನಾಮೆ ಕೊಟ್ಟರು. ಆದರೆ ಅಲ್ಲಿ ಏಟು ತಿಂದ ಹುಡುಗರು ಮನೆಗೆ ಹೋಗಿ ಮಲಗಲಿಲ್ಲ. ಮುಂದೆ ಬಿ. ಕೃಷ್ಣಪ್ಪನವರಂಥವರು ಕಟ್ಟಿದ ದಲಿತ ಸಂಘರ್ಷ ಸಮಿತಿ, 1979ರ ಬಂಡಾಯ ಸಾಹಿತ್ಯ ಸಂಘಟನೆ ಆ ಕಾಲದ ಬೇಗೆಯಿಂದ ಬಂದವು. ಆಗಿನ ಸರ್ಕಾರಗಳು ನಮ್ಮ ಕಡೆ ನೋಡುವಂತೆ ಮಾಡಿದ್ದು ಆ ಸಂಘಟನೆಯೇ ಹೊರತು ಅವುಗಳ ಒಳ್ಳೆಯತನ ಮಾತ್ರ ಅಲ್ಲ. ಆಮೇಲೆ ಸಂಘಟನೆ ಒಡೆಯಿತು, ಬಣಗಳಾದವು. ಒಂದೊಂದು ಸರ್ಕಾರಕ್ಕೆ ಒಂದೊಂದು ಬಣ ಹತ್ತಿರವಾಯಿತು. ಈಗ ಸರ್ಕಾರ ಬದಲಾದರೆ ನಿಗಮ, ಅಕಾಡೆಮಿಗಳ ಪಟ್ಟಿಯಲ್ಲಿ ಯಾರ ಹೆಸರಿದೆ ಅಂತ ನಾವು ನೋಡುತ್ತೇವೆ. ಅಭಿನಂದನೆಯ ಫ್ಲೆಕ್ಸಿನಲ್ಲಿ ನಮ್ಮ ಫೋಟೋವೂ ಇರುತ್ತದೆ. ನಮ್ಮಪ್ಪ ಕೊಟ್ಟಿಗೆಗೆ ಹೊದಿಸಿದ ಒಂದು ಫ್ಲೆಕ್ಸಿನ ಮೂಲೆಯಲ್ಲಿ ನಾನು ಗೌರವಿಸುವ ಕವಿಯೊಬ್ಬರ ಮುಖವಿತ್ತು. ಅದರ ಕೆಳಗೆ ನಮ್ಮ ಎಮ್ಮೆ ಕಟ್ಟಿತ್ತು.

ಸರ್ಕಾರವನ್ನು ಬಯ್ಯುವ ಪದ್ಯ ನಾನೂ ಬೇಕಾದಷ್ಟು ಬರೆದಿದ್ದೇನೆ. ಯಾವ ಸರ್ಕಾರಕ್ಕೂ ಹೊಂದುವ ಪದ್ಯಗಳು ಅವು. ಆದ್ದರಿಂದ ಯಾವ ಸರ್ಕಾರಕ್ಕೂ ತಾಗದ ಪದ್ಯಗಳು. ಯಾವ ತಾರೀಕು, ಯಾವ ಆದೇಶ, ಯಾರ ತಟ್ಟೆಯಿಂದ ಎಷ್ಟು ಹೋಯಿತು ಅನ್ನುವುದು ಗೊತ್ತಿಲ್ಲದ ಸಿಟ್ಟು ವೇದಿಕೆಯ ಮೇಲೇ ಆರಿಹೋಗುತ್ತದೆ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಲ್ಲಿ, ಓದುವ ಹುಡುಗರಲ್ಲಿ ನನ್ನದೊಂದು ಕೋರಿಕೆ. ನಮ್ಮ ಬಗ್ಗೆ ಹೊರಡುವ ಆದೇಶಗಳನ್ನು ಕೇರಿಯಲ್ಲೂ ಸಾಬರ ಬೀದಿಯಲ್ಲೂ ಗಟ್ಟಿಯಾಗಿ ಓದೋಣ. ಒಬ್ಬರ ಬಗ್ಗೆ ಬಂದದ್ದನ್ನು ಇನ್ನೊಬ್ಬರ ಬೀದಿಯಲ್ಲಿ ಓದೋಣ. 2ಬಿ ಹೋದ ದಿನ ಕೇರಿಯವರು, ಅಲೆಮಾರಿಗಳ ಒಂದು ಹೋದ ದಿನ ಸಾಬರೂ ಮಾದಿಗರೂ ಹೊಲೆಯರೂ ತಾಲ್ಲೂಕು ಕಚೇರಿ ಮುಂದೆ ಒಟ್ಟಿಗೆ ನಿಂತಿದ್ದರೆ ಹಂಚುವವರ ಲೆಕ್ಕ ತಪ್ಪುತ್ತಿತ್ತು. ಬೇರೆ ಬೇರೆ ಎಣಿಸಿದರೆ ನಾವು ಅಲ್ಪಸಂಖ್ಯಾತರು. ಅವರು ನಮ್ಮನ್ನು ಯಾವಾಗಲೂ ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ಇದು ದೊಡ್ಡ ಕ್ರಾಂತಿಯ ಮಾತಲ್ಲ. ಗ್ರಾಮಸಭೆಯ ತಾರೀಕು ಗೊತ್ತುಮಾಡಿಕೊಂಡು ಹೋಗುವಷ್ಟು ಸಣ್ಣ ಮಾತು.

ಆ ದಿನ ಸೈಬರ್ ಸೆಂಟರಿನಲ್ಲಿ ನಾನು ಹುಡುಗಿಗೆ "2ಬಿ ಅಂತಲೇ ಹಾಕವ್ವ" ಅಂದೆ. ಕಾನೂನು ತಿಳಿದು ಹೇಳಿದ್ದಲ್ಲ, ಬಾಯಿಗೆ ಬಂದದ್ದು ಅಷ್ಟೇ. ಅವಳು ಹಾಗೇ ಹಾಕಿದಳು. ಸುಪ್ರೀಂ ಕೋರ್ಟಿನ ಮಾತು ಬಂದ ಮೇಲೆ ಅದು ಸರಿಯಾಯಿತು, ಸೀಟೂ ಸಿಕ್ಕಿತು. ಸಿಹಿ ಕೊಡುವುದಕ್ಕೆ ನಮ್ಮ ಮನೆಗೆ ಬಂದಾಗ ಅವಳ ಜೊತೆ ಏಳನೇ ಕ್ಲಾಸು ಓದುವ ತಮ್ಮನೂ ಬಂದಿದ್ದ. ಹೊರಡುವಾಗ ಕೇಳಿದಳು:

"ಅಣ್ಣಾ, ಇದು ಇವ್ನ ಕಾಲಕ್ಕೂ ಇರ್ತದಾ?"

ಅಪ್ಪ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಅವನೂ ಕೈ ನಿಲ್ಲಿಸಿ ನನ್ನ ಮುಖ ನೋಡಿದ.